ಪದಚರ್ಚೆ: ಮಾದರಿ ಕಟ್ಟಡದ ಇಟ್ಟಿಗೆ ಗೋಡೆ ಮತ್ತು ‘ವೆದರಿಂಗ್’

ಮಾನ್ಯರೇ,

ಬ್ರಿಟನ್ನಿನ ರೈಲು ಮಾದರಿಕಾರರು 1:76 ಅಳತೆಯಲ್ಲಿ ಕಟ್ಟುವ ಪುಟ್ಟ ನಿಲ್ದಾಣ, ಎಂಜಿನ್ ಶೆಡ್ಡು, ಸಾಲುಮನೆಗಳ ಇಟ್ಟಿಗೆ ಗೋಡೆಗೆ ಬಣ್ಣ ಹಚ್ಚುವ ಬಗೆಯನ್ನು ಕುರಿತು ಬರೆಯುತ್ತಿದ್ದೇನೆ. ಅದರಲ್ಲಿ ಮತ್ತೆ ಮತ್ತೆ ಬರುವ ‘ವೆದರಿಂಗ್’, ಅಂದರೆ ಹೊಸ ಮಾದರಿಯನ್ನು ಗಾಳಿಮಳೆಗೆ ಹಳತಾದಂತೆ ಬಣ್ಣದಿಂದ ತೋರಿಸುವುದು, ಎಂಬುದಕ್ಕೆ ಒಪ್ಪುವ ಕನ್ನಡ ಪದ ಬೇಕಾಗಿದೆ.

ಶಾಲೆಯ ಭೂಗೋಳ ಪಾಠದಲ್ಲಿ ಇದಕ್ಕೆ ‘ಶಿಥಿಲೀಕರಣ’ ಎಂದಿದೆ. ಆದರೆ ಅದು ಬಿಸಿಲು, ಮಳೆ, ಚಳಿಗೆ ಬಂಡೆ ಸಡಿಲಗೊಂಡು ಒಡೆಯುವ ಕ್ರಿಯೆ. ಮಾದರಿಯ ಗೋಡೆ ಗಟ್ಟಿಮುಟ್ಟಾಗಿಯೇ ಇದ್ದು, ಹಳತಾದಂತೆ ಕಂಡರೆ ಸಾಕು.

ಕೆಲಸ ಹೀಗೆ ಸಾಗುತ್ತದೆ. ಇಂದಿನ ಬ್ರಿಟಿಷ್ ಇಟ್ಟಿಗೆಯ ಎತ್ತರ 65 ಮಿ.ಮೀ., ಗಾರೆಯ ಸಂದು 10 ಮಿ.ಮೀ.; 1:76ಕ್ಕೆ ಇಳಿಸಿದರೆ ಎರಡೂ ಸೇರಿದ ಒಂದು ವರಸೆ ಸುಮಾರು 1 ಮಿ.ಮೀ., ಸಂದು ಮಾತ್ರ 0.13 ಮಿ.ಮೀ. ಆಗುತ್ತದೆ. ಅಷ್ಟು ಸಣ್ಣ ಗೆರೆಗಳನ್ನು ಗೋಡೆಯುದ್ದಕ್ಕೂ ಕುಂಚದಿಂದ ಎಳೆಯುವುದು ಆಗದ ಮಾತಾದ್ದರಿಂದ, ಇಟ್ಟಿಗೆಯ ಬಣ್ಣ ಒಣಗಿದ ಮೇಲೆ ಬೂದುಬಿಳಿ ಬಣ್ಣವನ್ನು ನೀರಾಗಿ ಕಲಸಿ ಇಡೀ ಗೋಡೆಗೆ ಹರಿಸಿ, ಅದು ಆರುವ ಮೊದಲೇ ಮೇಲ್ಮೈಯನ್ನು ಬಟ್ಟೆಯಿಂದ ಒರೆಸಿಬಿಡುತ್ತಾರೆ; ಸಂದಿನಲ್ಲಿ ಉಳಿದದ್ದು ಗಾರೆಯಾಗಿ ಕಾಣುತ್ತದೆ. ಬಳಿಕ ಅಲ್ಲೊಂದು ಇಲ್ಲೊಂದು ಇಟ್ಟಿಗೆಗೆ ಕರಕಲು ಇಲ್ಲವೇ ಕಿತ್ತಳೆ ಛಾಯೆ ಕೊಡುತ್ತಾರೆ. ಇದನ್ನೂ ಕೆಲವರು ವೆದರಿಂಗ್ ಎನ್ನುವುದುಂಟು. ಆ ವ್ಯತ್ಯಾಸ ಇಟ್ಟಿಗೆ ಗೂಡಿನ ಬೆಂಕಿಯಿಂದ ಬಂದದ್ದೇ ಹೊರತು ಗಾಳಿಮಳೆಯಿಂದಲ್ಲವಾದ್ದರಿಂದ, ಕನ್ನಡದಲ್ಲಿ ಅದನ್ನು ಬೇರೆಯಾಗಿಯೇ ಇಡಬೇಕೆಂದು ನನ್ನ ಅಭಿಪ್ರಾಯ.

ನಿಜವಾದ ವೆದರಿಂಗ್ ಆಮೇಲಿನದು. ಎಂಜಿನ್ ಶೆಡ್ಡಿನ ಬಾಗಿಲ ಕಮಾನಿನ ಮೇಲೆ ಹೊಗೆಮಸಿ, ಕಿಟಕಿಯ ಎರಡು ಮೂಲೆಗಳಿಂದ ಕೆಳಗಿಳಿದ ನೀರಿನ ಕಲೆ, ಸೋರುವ ಕೊಳವೆಯ ಪಕ್ಕದಲ್ಲಿ ಹಸಿರು ಪಾಚಿ, ಬಿಸಿಲು ಬೀಳುವ ಮಗ್ಗುಲಲ್ಲಿ ಪೇಲವಗೊಂಡ ಕೆಂಪು. ಇವುಗಳಲ್ಲಿ ಕೆಲವು ಗೋಡೆಗೆ ಅಂಟಿಕೊಂಡವು, ಕೆಲವು ಗೋಡೆ ಕಳೆದುಕೊಂಡವು. ಈ ಎರಡನ್ನೂ ಒಟ್ಟಿಗೆ ಹಿಡಿಯುವ ಕ್ರಿಯಾಪದ ನಮ್ಮಲ್ಲಿ ‘ಮಾಸು’ ಎಂದು ನನಗೆ ತೋರುತ್ತದೆ: ಕೊಳೆ ಹತ್ತಿದ ಬಟ್ಟೆಯೂ ಮಾಸುತ್ತದೆ, ಅಳಿಸಿಹೋಗುತ್ತಿರುವ ನೆನಪೂ ಮಾಸುತ್ತದೆ. ತೊಡಕಿರುವುದು ಬೇಕೆಂದೇ ಮಾಡುವ ಕೆಲಸವನ್ನು ಹೇಳುವಲ್ಲಿ. ‘ಮಾಸಿಸುವುದು’ ವ್ಯಾಕರಣಕ್ಕೆ ಒಗ್ಗಿದರೂ ಕಿವಿಗೆ ಒಗ್ಗುತ್ತಿಲ್ಲ. ‘ಹಳತಾಗಿಸುವುದು’ ತಿಳಿಯಾಗಿದ್ದರೂ ಮಸಿ, ಕಲೆಗಳ ಸುಳಿವು ಕೊಡುವುದಿಲ್ಲ. ಸದ್ಯಕ್ಕೆ ‘ಮಾಸಲು ಹಚ್ಚುವುದು’ ಎಂದು ಬರೆದುಕೊಂಡಿದ್ದೇನೆ.

ಇನ್ನೊಂದು ಸಣ್ಣ ಪ್ರಶ್ನೆ. ಇಟ್ಟಿಗೆಯೊಳಗಿನ ಲವಣ ನೀರಿನಲ್ಲಿ ಕರಗಿ ಹೊರಬಂದು, ನೀರು ಆರಿದ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ಮಾದರಿಯಲ್ಲಿ ಇದನ್ನು ಬಹುತೇಕ ಒಣಗಿದ ಕುಂಚದ ತುದಿಯಿಂದ ಬಿಳಿ ಬಣ್ಣ ಸವರಿ ತೋರಿಸುತ್ತಾರೆ. ಹೊಲದ ಮಣ್ಣಿಗೆ ಹೇಳುವ ‘ಸವಳು’ ಎಂಬ ಪದವನ್ನು ಗೋಡೆಗೂ ಬಳಸುವ ರೂಢಿ ನಿಮ್ಮ ಕಡೆ ಇದೆಯೇ, ಅಥವಾ ಗಾರೆ ಕೆಲಸದವರು ಬೇರೆ ಮಾತು ಆಡುತ್ತಾರೆಯೇ? ಬಲ್ಲವರು ಊರಿನ ಹೆಸರಿನೊಂದಿಗೆ ತಿಳಿಸಬೇಕೆಂದು ಕೋರುತ್ತೇನೆ.