ಗೀಸರ್ ಐದೇ ನಿಮಿಷಕ್ಕೆ ಆಫ್ ಆಗುತ್ತದೆ: ತಪ್ಪು ಥರ್ಮೋಸ್ಟಾಟಿನದೇ?

ಪ್ರಶ್ನೆ:
ನಮ್ಮ ಮನೆಯಲ್ಲಿರುವುದು 15 ಲೀಟರ್ ಹಿಡಿಯುವ, 2000 ವ್ಯಾಟಿನ ಗೀಸರ್. ಹಾಕಿಸಿ ಆರು ವರ್ಷಗಳಾಗಿವೆ. ನೀರು ಬಹಳ ಗಡಸು. ಎರಡು ತಿಂಗಳಿನಿಂದ, ಸ್ವಿಚ್ ಹಾಕಿದ ಐದು ನಿಮಿಷಕ್ಕೆಲ್ಲ ದೀಪ ಆರಿಹೋಗುತ್ತಿದೆ, ನಲ್ಲಿ ತಿರುಗಿಸಿದರೆ ಉಗುರುಬೆಚ್ಚಗಿನ ನೀರು ಬರುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ದೀಪ ತಾನಾಗಿಯೇ ಹತ್ತಿ ಮತ್ತೆ ಆರುತ್ತದೆ. ಆದರೆ ಕಳೆದ ವಾರ ಒಂದು ದಿನ ನೀರು ಆವಿಯಾಡುವಷ್ಟು ಕಾದು, ಆಮೇಲೆ ದೀಪ ಹತ್ತಲೇ ಇಲ್ಲ. ರಿಪೇರಿಗೆ ಬಂದವರು ಕೆಳಗಿನ ಮುಚ್ಚಳ ತೆಗೆದು, ಪುಟ್ಟದೊಂದು ಗುಂಡಿ ಒತ್ತಿ, ಸರಿಯಾಯಿತೆಂದು ಹೇಳಿ ಹೊರಟರು. ನೀರು ಸಾಕಷ್ಟು ಕಾದೊಡನೆ ವಿದ್ಯುತ್ ಕಡಿಯುವ ಥರ್ಮೋಸ್ಟಾಟ್ ಬದಲಿಸಿದರೆ ಸಾಕೇ, ಕಾಯಿಲನ್ನೂ ಬದಲಿಸಬೇಕೇ?

ಉತ್ತರ 1:
ಥರ್ಮೋಸ್ಟಾಟ್ ಬದಲಿಸಿಬಿಡಿ. ಆರು ವರ್ಷ ಬಾಳಿದೆಯೆಂದರೆ ಅದು ತನ್ನ ಕೆಲಸ ಮುಗಿಸಿದೆ ಎಂದೇ ಅರ್ಥ.

ಉತ್ತರ 2:
ಬದಲಿಸಬೇಕಾಗಬಹುದು, ಆದರೆ ಅದೊಂದನ್ನೇ ಬದಲಿಸಿದರೆ ಉಗುರುಬೆಚ್ಚಗಿನ ನೀರಿನ ತೊಂದರೆ ತಪ್ಪಲಾರದು ಎಂಬುದು ನನ್ನ ಅನಿಸಿಕೆ. 2000 ವ್ಯಾಟಿನ ಕಾಯಿಲ್ 15 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 18 ನಿಮಿಷ ಬೇಕು. ಐದು ನಿಮಿಷದಲ್ಲಿ ಏರುವುದು ಹತ್ತು ಡಿಗ್ರಿಗಿಂತ ಕಡಿಮೆ. ಅಂದರೆ ನೀರು ಕಾಯುವ ಮೊದಲೇ ಥರ್ಮೋಸ್ಟಾಟಿಗೆ ಮಾತ್ರ ಬಿಸಿ ತಟ್ಟುತ್ತಿದೆ. ಗಡಸು ನೀರಿನಲ್ಲಿ ಕಾಯಿಲ್ ಮೇಲೆ ಸುಣ್ಣದ ಪದರ ಕಟ್ಟಿದಾಗ ಆಗುವುದು ಇದೇ: ಶಾಖ ನೀರಿಗೆ ಇಳಿಯದೆ ಪದರದೊಳಗೇ ಉಳಿದು, ಪಕ್ಕದ ಕೊಳವೆಯಲ್ಲಿರುವ ಥರ್ಮೋಸ್ಟಾಟಿನ ಕಡ್ಡಿಯನ್ನು ಕಾಯಿಸುತ್ತದೆ, ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿ ವಿದ್ಯುತ್ತನ್ನು ಕಡಿಯುತ್ತದೆ.

ನೀರು ವಿಪರೀತ ಕಾದದ್ದು ಬೇರೆ ವಿಷಯ, ನಿಜವಾಗಿ ಹೆದರಬೇಕಾದದ್ದು ಅದಕ್ಕೇ. ಥರ್ಮೋಸ್ಟಾಟಿನ ಕಾಂಟ್ಯಾಕ್ಟುಗಳು ಕಿಡಿಗೆ ಸುಟ್ಟು ಒಂದಕ್ಕೊಂದು ಅಂಟಿಕೊಂಡರೆ ವಿದ್ಯುತ್ ಕಡಿಯುವುದೇ ಇಲ್ಲ. ಆಗ ಕೊನೆಯ ಕಾವಲಾಗಿ, ಮಿತಿಮೀರಿ ಕಾದರೆ ವಿದ್ಯುತ್ ಕಡಿಯುವ ಕಟೌಟ್ ಎಂಬ ಸ್ವಿಚ್ ಬೀಳುತ್ತದೆ. ರಿಪೇರಿಯವರು ಒತ್ತಿದ ಗುಂಡಿ ಅದರದ್ದೇ. ಕಟೌಟ್ ಬಿದ್ದ ಕಾರಣವನ್ನು ಹುಡುಕದೆ ಗುಂಡಿ ಒತ್ತಿ ಹೋಗುವುದು ರಿಪೇರಿಯಲ್ಲ.

ಪರೀಕ್ಷಿಸುವುದು ಕಷ್ಟವಲ್ಲ. ಸ್ವಿಚ್ ಆರಿಸಿದರೆ ಸಾಲದು, ಮನೆಯ ವಿದ್ಯುತ್ ಬೋರ್ಡಿನಲ್ಲಿರುವ ಎಂಸಿಬಿಯನ್ನೇ (ಸರ್ಕ್ಯೂಟ್ ಬ್ರೇಕರ್) ಇಳಿಸಿ, ಟೆಸ್ಟರ್ ಹಿಡಿದು ಖಚಿತಪಡಿಸಿಕೊಳ್ಳಿ. ಕಡ್ಡಿ ಮಾದರಿಯ ಥರ್ಮೋಸ್ಟಾಟ್ ನೀರು ತಾಗದ ಕೊಳವೆಯಲ್ಲಿ ಕೂತಿರುವುದರಿಂದ ಟ್ಯಾಂಕ್ ಖಾಲಿ ಮಾಡದೆಯೇ ಅದನ್ನು ಎಳೆದು ತೆಗೆಯಬಹುದು. ತಣ್ಣಗಿರುವಾಗ ಮಲ್ಟಿಮೀಟರ್ ಅದರ ಎರಡು ಟರ್ಮಿನಲ್‌ಗಳ ನಡುವೆ ಬಹುತೇಕ ಸೊನ್ನೆ ಓಮ್ ತೋರಿಸಬೇಕು. ತಾಪ ಹೊಂದಿಸುವ ತಿರುಪನ್ನು ಕನಿಷ್ಠಕ್ಕಿಟ್ಟು, ಕಡ್ಡಿಯನ್ನಷ್ಟೇ ಚೆನ್ನಾಗಿ ಕಾದ ನೀರಿನಲ್ಲಿ ಅದ್ದಿದರೆ 'ಟಿಕ್' ಎಂದು ಕಾಂಟ್ಯಾಕ್ಟುಗಳು ಬಿಟ್ಟುಕೊಳ್ಳಬೇಕು. ಹತ್ತು ಸಲ ಅದ್ದಿ ನೋಡಿ. ಒಂದು ಸಲ ತಪ್ಪಿದರೂ ಎಸೆಯಿರಿ. ಕಾಯಿಲಿನ ರೋಧ ಸುಮಾರು 26 ಓಮ್ ಇದ್ದರೆ ಅದರ ತಂತಿ ಚೆನ್ನಾಗಿದೆ, ಸುಣ್ಣ ತೆಗೆಸಿದರಾಯಿತು. ತಾತ್ಕಾಲಿಕವೆಂದು ಯಾರಾದರೂ ಥರ್ಮೋಸ್ಟಾಟನ್ನು ಬಿಟ್ಟು ನೇರ ತಂತಿ ಜೋಡಿಸಲು ಬಂದರೆ ಮಾತ್ರ ಖಂಡಿತ ಒಪ್ಪಬೇಡಿ.

ಪ್ರಶ್ನೆ ಕೇಳಿದವರು:
ನೀವು ಹೇಳಿದಂತೆ ಪರೀಕ್ಷಿಸಿದೆ. ಏಳನೆಯ ಸಲ ಅದ್ದಿದಾಗ 'ಟಿಕ್' ಶಬ್ದ ಬರಲಿಲ್ಲ, ಮೀಟರ್ ಸೊನ್ನೆಯಲ್ಲೇ ನಿಂತಿತ್ತು. ಬೇರೊಬ್ಬ ಮೆಕ್ಯಾನಿಕ್ ಬಂದು ಟ್ಯಾಂಕ್ ಖಾಲಿ ಮಾಡಿ ಕಾಯಿಲ್ ಹೊರತೆಗೆದಾಗ, ಅದರ ಸುರುಳಿಗಳ ನಡುವೆ ಬೆರಳು ತೂರಲೂ ಎಡೆಯಿರಲಿಲ್ಲ. ಕಡ್ಡಿಯ ಕೊಳವೆ ಕಾಯಿಲಿಗೇ ಗಾರೆ ಹಾಕಿ ಮೆತ್ತಿದಂತಿತ್ತು. ಟ್ಯಾಂಕಿನ ತಳದಿಂದ ಎರಡು ಹಿಡಿ ಸುಣ್ಣದ ಚಕ್ಕೆ ಬಂತು. ತುಕ್ಕು ಹಿಡಿಯದಂತೆ ಕಾಯುವ ಮೆಗ್ನೀಷಿಯಂ ಸರಳು ಸವೆದು ಒಳಗಿನ ತಂತಿಯಷ್ಟೇ ಉಳಿದಿದ್ದರಿಂದ ಅದನ್ನೂ ಬದಲಿಸಿದೆವು. ಕಾಯಿಲ್ ಹಳೆಯದೇ, ಥರ್ಮೋಸ್ಟಾಟ್ ಹೊಸದು. ಇವತ್ತು ದೀಪ ಆರಲು ಹತ್ತೊಂಬತ್ತು ನಿಮಿಷ ಹಿಡಿಯಿತು.