ಹಡಗಿನ ‘ಏಳು ಗಂಟೆ’ ಅಂದ್ರೆ ಎಷ್ಟು ಗಂಟೆ?

ನಮಸ್ಕಾರ. ಒಂದು ಹಳೇ ಇಂಗ್ಲಿಷ್ ಪತ್ತೇದಾರಿ ಕತೆಯನ್ನು ಸುಮ್ನೆ ಖುಷಿಗೆ ಕನ್ನಡಕ್ಕೆ ತರುತ್ತಿದ್ದೇನೆ. ನಡುಗಡಲಲ್ಲಿ ಹಡಗು, ಅದರಲ್ಲೊಂದು ಕೊಲೆ. ರಾತ್ರಿ ನೀರಿಗೆ ಏನೋ ಬಿದ್ದ ಸದ್ದು ಕೇಳಿದ ಹೆಂಗಸು, ಆಗಲೇ ‘ಸೆವೆನ್ ಬೆಲ್ಸ್’ ಆಯಿತು ಎನ್ನುತ್ತಾಳೆ. ನಾನು ಸಿಕ್ಕಿಬಿದ್ದದ್ದು ಇಲ್ಲೇ.

ನಮಗೆ ಗಂಟೆ ಅಂದ್ರೆ ಬಾರಿಸುವುದೂ ಹೌದು, ಹೊತ್ತೂ ಹೌದು. ‘ಏಳು ಗಂಟೆ ಹೊಡೆಯಿತು’ ಅಂತ ಬರೆದರೆ ಓದುವವರಿಗೆ ಸಂಜೆ ಏಳು, ದೀಪ ಹಚ್ಚುವ ಹೊತ್ತು. ಹಡಗಿನ ಲೆಕ್ಕವೇ ಬೇರೆ. ಅಲ್ಲಿ ನಾಲ್ಕು ತಾಸಿಗೊಂದು ಪಾಳಿ, ಅರ್ಧ ತಾಸಿಗೊಮ್ಮೆ ಗಂಟೆ, ಪ್ರತಿ ಸಲ ಒಂದೊಂದು ಜಾಸ್ತಿ, ಎಂಟಾದರೆ ಪಾಳಿ ಮುಗಿಯಿತು. ಹಾಗಾಗಿ ರಾತ್ರಿ ಏಳು ಸಲ ಹೊಡೆಯುವುದು ಎರಡು ಬಾರಿ: 11.30ಕ್ಕೆ, ಮತ್ತೆ 3.30ಕ್ಕೆ. ರೂಢಿಯಂತೆ 8ರಿಂದ 12 ಥರ್ಡ್ ಮೇಟ್ ಪಾಳಿ, 12ರಿಂದ 4 ಸೆಕೆಂಡ್ ಮೇಟ್ ಪಾಳಿ (ಮೇಟ್ ಅಂದ್ರೆ ಕ್ಯಾಪ್ಟನ್ ಕೈಕೆಳಗಿನ ಅಧಿಕಾರಿ). ಕೊಲೆ ಆದಾಗ ಇಬ್ಬರಲ್ಲಿ ಯಾರು ಬಿಡುವಾಗಿದ್ದರು ಅನ್ನುವುದೇ ಕತೆಯ ಗಂಟು, ಅದು ಸಂಜೆ ಏಳಕ್ಕೆ ಹೋದರೆ ಮುಗಿಯಿತಲ್ವಾ!

‘ಏಳು ಗಂಟೆಗಳು’ ಅಂದ್ರೆ ಏಳು ತಾಸು ಅಂತಾಗುತ್ತದೆ. ‘ಏಳು ಪೆಟ್ಟು’ ಅಂತ ಬರೆದು ತಂಗಿಗೆ ತೋರಿಸಿದೆ, ‘ಯಾರಿಗೆ ಬಿತ್ತು?’ ಅಂತ ಕೇಳಿದಳು. ಕೊಲೆ ಕತೆಯಲ್ಲಿ ಅವಳು ಕೇಳಿದ್ದು ತಪ್ಪಲ್ಲ.

ಪಾಳಿಗೆ ‘ಜಾವ’ ಅನ್ನೋಣ ಅಂತ ಹೊರಟಿದ್ದೆ, ಕೇಳಲಿಕ್ಕೆ ಚಂದ. ಆದರೆ ಜಾವ ಮೂರು ತಾಸಿನದ್ದು, 3.30 ಅಂದ್ರೆ ಆಗಲೇ ರಾತ್ರಿಯ ನಾಲ್ಕನೇ ಜಾವ. ಸುರತ್ಕಲ್‌ನಲ್ಲಿರುವ ಸೋದರಮಾವ ಸರಕು ಹಡಗಿನಲ್ಲಿದ್ದು ನಿವೃತ್ತರಾದವರು, ಅವರನ್ನು ಕೇಳಿದೆ. ‘ಎಂತ ಜಾವ ಮಾರಾಯಾ, ನಾವು ಟ್ವೆಲ್ವ್-ಫೋರ್ ಅಂತಲೇ ಹೇಳುದು’ ಎಂದರು. ಅಲ್ಲಿಗೆ ಜಾವ ಬಿಟ್ಟೆ. ಪಾಳಿ ಸಾಕು.

ತಮಾಷೆ ಅಂದ್ರೆ ನಮ್ಮದೂ ಮೊದಲು ಹೀಗೇ ಇತ್ತು. ಗಳಿಗೆ ಬಟ್ಟಲು ನೀರಲ್ಲಿ ಮುಳುಗಿದರೆ 24 ನಿಮಿಷ, ಆಗ ಬಾರಿಸುತ್ತಿದ್ದರು. ಹಡಗಿನಲ್ಲಿ ಬಟ್ಟಲಿನ ಬದಲು ಅರ್ಧ ತಾಸಿನ ಮರಳು ಗಡಿಯಾರ, ಅದನ್ನು ತಿರುಗಿಸಿದಾಗೆಲ್ಲ ಗಂಟೆ. ಅಂತೂ ‘ಗಳಿಗೆ’ ಎನ್ನಲೂ ಆಗದು, ಆರು ನಿಮಿಷ ಕಮ್ಮಿ.

ಸದ್ಯಕ್ಕೆ ಸದ್ದನ್ನೇ ಬರೆದಿದ್ದೇನೆ. ಹಡಗಿನಲ್ಲಿ ಜೋಡಿ ಜೋಡಿಯಾಗಿ ಬಾರಿಸುತ್ತಾರೆ: ‘ಡಣ್‌ಡಣ್, ಡಣ್‌ಡಣ್, ಡಣ್‌ಡಣ್, ಡಣ್.’ ಕೊನೆಯದು ಒಂಟಿ. ಇದನ್ನು ಗೋಡೆ ಗಡಿಯಾರ ಅಂತ ಯಾರೂ ತಿಳಿಯಲಿಕ್ಕಿಲ್ಲ. ಆದರೆ ಪತ್ತೇದಾರ ವಿಚಾರಣೆಯಲ್ಲಿ ಹತ್ತು ಸಲ ಇದನ್ನೇ ಹೇಳಬೇಕು, ಪ್ರತಿ ಸಲ ಡಣ್ ಡಣ್ ಅಂದರೆ ನಗೆ ಬರುತ್ತದೆ. ‘ಏಳು ಡಣ್’ ಅಂತ ಒಬ್ಬ ಖಲಾಸಿಯ ಬಾಯಲ್ಲಿ ಹೇಳಿಸಿ, ಆಮೇಲೆ ಎಲ್ಲರೂ ಅದನ್ನೇ ಬಳಸಿದರೆ ನಡೆದೀತಾ? ಅಥವಾ ಬಂದರು, ಮಲ್ಪೆ, ಕಾರವಾರದ ಕಡೆ ಇದಕ್ಕೆ ಬೇರೆ ಮಾತು ಕೇಳಿದವರಿದ್ದೀರಾ?