ಡಾಂಬರು ಹಾಕಿದ ಗುಂಡಿ ಮತ್ತೆ ಮತ್ತೆ ಬಾಯಿ ಬಿಡ್ತಿದೆ, ಏನ್ ಮಾಡೋದು?

ಪ್ರಶ್ನೆ:
ಬಡಾವಣೆಯ ಒಳರಸ್ತೆ ನೋಡಿಕೊಳ್ಳೋ ಕೆಲಸ ಈ ವರ್ಷ ನನ್ನ ತಲೆಗೆ ಬಂದಿದೆ. ಒಂದೇ ಗುಂಡಿಗೆ ಎರಡು ಸಲ ತೇಪೆ ಹಾಕಿಸಿದ್ದಾಯ್ತು. ಮಳೆ ನಿಂತ ಮೇಲೆ ನೋಡಿದ್ರೆ ಜಲ್ಲಿ ಒಂದು ಕಡೆ, ಗುಂಡಿ ಒಂದು ಕಡೆ. ಹಳೇ ಡಾಂಬರನ್ನೇ ಬಳಸಬಹುದು, ಪ್ಲಾಸ್ಟಿಕ್ ಸೇರಿಸಬಹುದು ಅಂತಾರೆ. ಪರಿಸರಕ್ಕೆ ಹೊರೆಯಾಗದೆ ಬಾಳಿಕೆಯೂ ಬರೋ ದಾರಿ ಇದೆಯಾ?

ಉತ್ತರ 1:
ಕೋಲ್ಡ್ ಮಿಕ್ಸ್, ಅಂದ್ರೆ ಬಿಸಿ ಮಾಡದೆ ಹಾಕೋ ಡಾಂಬರು-ಜಲ್ಲಿ ಮಿಶ್ರಣ, ಅದರ ಚೀಲ ತಂದು ಸುರಿದು ಬಡಿದುಬಿಡಿ. ಬೆಂಕಿ ಬೇಡ, ಹೊಗೆಯಿಲ್ಲ.

ಉತ್ತರ 2:
ಸುರಿದು ಬಡಿದದ್ದಕ್ಕೇ ಅವರ ತೇಪೆ ಎರಡು ಸಲ ಎದ್ದಿರೋದು! ಕೋಲ್ಡ್ ಮಿಕ್ಸ್‌ನಲ್ಲೂ ಎರಡು ಜಾತಿ. ಸೀಮೆಎಣ್ಣೆಯಂಥ ದ್ರಾವಕ ಬೆರೆಸಿದ್ದು ಒಣಗುವಾಗ ಆವಿ ಬಿಡುತ್ತೆ. ನೀರಿನಲ್ಲಿ ಡಾಂಬರು ಬೆರೆಸಿದ ಎಮಲ್ಷನ್‌ನದು ವಾಸಿ.

ನಾನು ರಸ್ತೆ ಕೆಲಸದವನು. ಮೊದಲು ಗುಂಡಿಯ ಸುತ್ತ ನೋಡಿ. ಮೊಸಳೆ ಚರ್ಮದ ಹಾಗೆ ಬಿರುಕಿದ್ದರೆ ಕೆಟ್ಟಿರೋದು ಹೆಚ್ಚಾಗಿ ಕೆಳಗಿನ ಪದರ. ಅದನ್ನ ಬಿಟ್ಟು ಮೇಲೆ ಎಷ್ಟು ಸುರಿದರೂ ದಂಡ. ಗಟ್ಟಿ ರಸ್ತೆ ಸಿಗೋವರೆಗೆ ಅಂಚನ್ನ ಚೌಕಾಕಾರ, ನೆಟ್ಟಗೆ ಕತ್ತರಿಸಿ. ಧೂಳು, ಒದ್ದೆ ಏನೂ ಉಳಿಯಬಾರದು. ತಳಕ್ಕೂ ಗೋಡೆಗೂ ತೆಳ್ಳಗೆ ಎಮಲ್ಷನ್ ಬಳಿಯಿರಿ. ಹಚ್ಚಿದಾಗ ಕಂದು, ಹಿಡಿದಾಗ ಕಪ್ಪು. ಒಮ್ಮೆ ಅವಸರಕ್ಕೆ ಬಿದ್ದು ಕಂದು ಇದ್ದಾಗಲೇ ಮಿಶ್ರಣ ತುಂಬಿಸಿದ್ದೆ. ಮೂರನೇ ದಿನ ಇಡೀ ತೇಪೆ ಚಾಪೆ ಎತ್ತಿದ ಹಾಗೆ ಎದ್ದು ಬಂತು. ಗುಂಡಿ ಆಳವಿದ್ದರೆ ಪದರ ಪದರವಾಗಿ ತುಂಬಿ, ಪ್ರತಿ ಪದರವನ್ನೂ ದಮ್ಮಸು ಮಾಡಿ.

ಹಳೇ ಡಾಂಬರು ಎಸೆಯೋ ವಸ್ತುವೇ ಅಲ್ಲ. ತೂಕದಲ್ಲಿ ಸುಮಾರು 95 ಪಾಲು ಜಲ್ಲಿ, ಮರಳು. 5 ಪಾಲು ಡಾಂಬರು. ಆ ಐದು ಬಿಸಿಲು-ಗಾಳಿಗೆ ಬಿರುಸಾಗಿರುತ್ತೆ, ಮೆತ್ತಗಾಗಿಸೋ ಎಣ್ಣೆ, ಹೊಸ ಡಾಂಬರು ಸೇರಿಸಿ ಪ್ಲಾಂಟ್‌ನಲ್ಲಿ ಬೆರೆಸ್ತಾರೆ. ದೊಡ್ಡ ಕೆಲಸವಾದರೆ ವಾರ್ಮ್ ಮಿಕ್ಸ್ ಕೇಳಿ. ಮಾಮೂಲಿಗಿಂತ 20ರಿಂದ 40 ಡಿಗ್ರಿ ಕಡಿಮೆ ಶಾಖ ಸಾಕು, ಅಷ್ಟು ಇಂಧನ ಉಳೀತು.

ಪ್ಲಾಸ್ಟಿಕ್ಕನ್ನ ಪ್ಲಾಂಟ್‌ನಲ್ಲಿ ಬಿಸಿ ಜಲ್ಲಿಗೆ ಲೇಪಿಸ್ತಾರೆ. ದಯವಿಟ್ಟು ನೀವು ಬೀದಿಯಲ್ಲಿ ಡ್ರಮ್ ಇಟ್ಟು ಕರಗಿಸೋಕೆ ಹೋಗಬೇಡಿ. ಅದರಲ್ಲಿ ಪಿವಿಸಿ ಸೇರಿಕೊಂಡರೆ ಹೊಗೆ ವಿಷ.

ಪ್ರಶ್ನೆ ಕೇಳಿದವರು:
ಸರ್, ಇವತ್ತು ಹಾರೆಯಲ್ಲಿ ಅಂಚು ಎಬ್ಬಿಸಿ ನೋಡಿದೆ. ಮೇಲೆಲ್ಲ ಒಣಗಿದೆ, ಕೆಳಗಿನ ಮಣ್ಣು ಕೆಸರು. ಪಕ್ಕದ ಚರಂಡಿ ಕಟ್ಟಿಕೊಂಡು ನೀರು ಒಳಗೇ ಇಳೀತಿದೆ.

ಉತ್ತರ 2:
ಹಾಗಾದ್ರೆ ಡಾಂಬರಿನ ಮಾತು ಸದ್ಯಕ್ಕೆ ಬೇಡ. ಚರಂಡಿ ಬಿಡಿಸಿ, ಕೆಸರು ತೆಗೆಸಿ ಜಲ್ಲಿ ತುಂಬಿಸಿ ದಮ್ಮಸು ಮಾಡಿಸಿ. ಆಮೇಲೆ ಫೋಟೋ ಹಾಕಿ, ನೋಡೋಣ.